ಹಳೆಯ ಲೆಕ್ಕದ ಬ್ಯಾಕಪ್ ತೆರೆದು ನೋಡಿದ್ದೀರಾ?



ನಾವು ಹತ್ತನೇ ತರಗತಿ ಮುಗಿಸಿ ಮುಂಬಯಿಗೆ ಬಂದು ಗಲ್ಲಾದಲ್ಲಿ ಕುಳಿತು ಲೆಕ್ಕ ಕಲಿತವರು. ಕಂಪ್ಯೂಟರಿನ ವಿಷಯ ಬರೆಯುವಷ್ಟು ವಿದ್ಯೆ ನಮಗಿಲ್ಲ. ಆದರೆ 2024ರಲ್ಲಿ ನಮ್ಮ ಹೋಟೆಲಿನಲ್ಲಿ ನಡೆದದ್ದು ನಿಮಗೂ ಉಪಯೋಗಕ್ಕೆ ಬಂದೀತೆಂದು ಈ ನಾಲ್ಕು ಮಾತು.

ಒಂದು ಮಧ್ಯಾಹ್ನ ಊಟದ ರಶ್ ಇಳಿದ ಮೇಲೆ ನಮ್ಮ ಹಳೆಯ ಅಡುಗೆ ಭಟ್ರು ಬಂದರು. 2004ರ ಏಪ್ರಿಲ್‌ನಿಂದ 2014ರ ಕೊನೆಯ ತನಕ ನಮ್ಮಲ್ಲಿ ಸಾಂಬಾರು, ಪಲ್ಯ ಎಲ್ಲ ಅವರದೇ ಕೈ. ತಾಯಿಗೆ ಹುಷಾರಿಲ್ಲವೆಂದು ಊರಿಗೆ ಹೋದವರು ಮರಳಿರಲಿಲ್ಲ. ಈಗ 58 ತುಂಬಿದೆ, ಪಿಎಫ್ ಪೆನ್ಶನಿಗೆ ಅರ್ಜಿ ಹಾಕಿದ್ದಾರೆ.

"ಧಣಿ, ಎರಡು ವರ್ಷದ ದುಡ್ಡು ನನ್ನ ಹೆಸರಿಗೆ ಕಾಣುವುದಿಲ್ಲವಂತೆ. ಹತ್ತು ವರ್ಷ ಆಗದೆ ಪೆನ್ಶನ್ ಇಲ್ಲವಂತೆ. ನೀವು ಕಟ್ಟಿದ್ದೀರಲ್ಲ?"

"ಕಟ್ಟಿದ್ದೇವೆ ಭಟ್ರೇ" ಎಂದೆವು. ಆದರೆ ಬಾಯಿಮಾತಿಗೆ ಬೆಲೆ ಇಲ್ಲ. ಕಾಣೆಯಾದದ್ದು 2005-06 ಮತ್ತು 2006-07. ಪಿಎಫ್ ಲೆಕ್ಕ ಆನ್‌ಲೈನ್ ಚಲನ್‌ಗೆ ಬಂದದ್ದು 2012ರಲ್ಲಿ. ಅದಕ್ಕೆ ಮುಂಚಿನದೆಲ್ಲ ಕಾಗದ. ನಮ್ಮ ಕಾಗದಗಳು ಸ್ಟೋರ್ ರೂಮಿನ ಅಟ್ಟದಲ್ಲಿ ಒಂದು ಮಳೆಗಾಲಕ್ಕೆ ತೊಯ್ದು, ಮಸ್ಟರ್ ಪುಸ್ತಕಗಳು ಹಿಟ್ಟಿನ ಮುದ್ದೆಯಂತಾಗಿ, ಎಸೆದುಬಿಟ್ಟಿದ್ದೆವು. ಟ್ಯಾಲಿಯಲ್ಲಿ ನೋಡೋಣವೆಂದರೆ ಕಂಪ್ಯೂಟರಿನಲ್ಲಿ ಆ ವರ್ಷಗಳೇ ಇಲ್ಲ. ಡೇಟಾ ಭಾರವಾಯಿತೆಂದು ಹಿಂದಿನ ಅಕೌಂಟೆಂಟರು ಸ್ಪ್ಲಿಟ್ ಮಾಡಿ ಹಳೆಯ ವರ್ಷಗಳನ್ನು ಬೇರ್ಪಡಿಸಿದ್ದರು.

ಮನೆಯಲ್ಲಿ ದೇವರ ಕೋಣೆಯ ಕಪಾಟಿನಲ್ಲಿ ಒಂದು ಸಿ.ಡಿ. ಸಿಕ್ಕಿತು. ಮೇಲೆ ಸ್ಕೆಚ್ ಪೆನ್ನಿನಲ್ಲಿ "ಬ್ಯಾಕಪ್, 31 ಮಾರ್ಚ್ 2007" ಎಂದಿತ್ತು. ನಮಗೆ ಆದ ಸಂತೋಷ ಅಷ್ಟಿಷ್ಟಲ್ಲ. ಆದರೆ ಸಿ.ಡಿ. ಸಿಕ್ಕಿದರೆ ಲೆಕ್ಕ ಸಿಕ್ಕಿದಂತಲ್ಲ ಎಂಬುದು ಮರುದಿನ ತಿಳಿಯಿತು. ಹೊಸ ಲ್ಯಾಪ್‌ಟಾಪಿಗೆ ಸಿ.ಡಿ. ಹಾಕುವ ಜಾಗವೇ ಇಲ್ಲ. ಹೊರಗಿನ ಡ್ರೈವ್ ತಂದು ನಕಲು ಮಾಡಿಕೊಂಡರೆ, ನಮ್ಮ ಟ್ಯಾಲಿಪ್ರೈಮ್‌ನಲ್ಲಿ ರಿಸ್ಟೋರ್ ಒತ್ತಿದಾಗ ಆ ಕಂಪನಿಯ ಹೆಸರೇ ಬರಲಿಲ್ಲ.

ಕಾರಣವನ್ನು ಟ್ಯಾಲಿ ಸರ್ವಿಸಿನ ಹುಡುಗ ಬಿಡಿಸಿ ಹೇಳಿದ. ಆ ಬ್ಯಾಕಪ್ ಟ್ಯಾಲಿ 7.2ರದು. ವ್ಯಾಟ್ ಬಂದ 2005ರಲ್ಲಿ ನಮ್ಮಲ್ಲಿ ಅನೇಕರು ಅದನ್ನೇ ಹಾಕಿಸಿದ್ದೆವು. ಅನಂತರ ಟ್ಯಾಲಿ 9 ಬಂತು, 2009ರಲ್ಲಿ ಇಆರ್‌ಪಿ 9, 2020ರಲ್ಲಿ ಟ್ಯಾಲಿಪ್ರೈಮ್. ಒಳಗೆ ಲೆಕ್ಕ ಬರೆದಿಡುವ ರೂಪವೇ ನಡುವೆ ಬದಲಾಗಿದೆ. 7.2ರ ಬ್ಯಾಕಪನ್ನು ಹೊಸದರಲ್ಲಿ ನೇರವಾಗಿ ಬಿಚ್ಚಲು ಬರುವುದಿಲ್ಲ. ಮೊದಲು 7.2ರಲ್ಲೇ ರಿಸ್ಟೋರ್ ಮಾಡಬೇಕು. ಬಳಿಕ ಇಆರ್‌ಪಿ 9ರ ಜೊತೆ ಬರುತ್ತಿದ್ದ "ಟ್ಯಾಲಿ 72 ಮೈಗ್ರೇಶನ್" ಎಂಬ ಸಾಧನದಿಂದ ಇಆರ್‌ಪಿ 9ಕ್ಕೆ ದಾಟಿಸಬೇಕು. ಅಲ್ಲಿಂದ ಟ್ಯಾಲಿಪ್ರೈಮ್‌ಗೆ. 2023ರಲ್ಲಿ ಬಂದ ಪ್ರೈಮ್ 3.0ರಿಂದ ಮುಂದೆ ಇನ್ನೊಮ್ಮೆ ಮೈಗ್ರೇಟ್ ಮಾಡಬೇಕು, ಹಾಗೆ ಮಾಡಿದ ಡೇಟಾ ಹಿಂದಿನ ಆವೃತ್ತಿಯಲ್ಲಿ ತೆರೆಯುವುದಿಲ್ಲ. ಲೋಕಲ್ ಗಾಡಿ ಬದಲಿಸಿದ ಹಾಗೆ, ನಡುವಿನ ಸ್ಟೇಶನ್ ಬಿಟ್ಟು ಹಾರಲು ಸಾಧ್ಯವಿಲ್ಲ.

ಆ ಹುಡುಗ ತನ್ನ ಪರಿಚಯದಲ್ಲಿ 7.2 ಇನ್ನೂ ನಡೆಯುತ್ತಿದ್ದ ಒಂದು ಹಳೆಯ ಕಂಪ್ಯೂಟರ್ ಹುಡುಕಿದ. ರಿಸ್ಟೋರ್ ಮಾಡುವ ಮೊದಲು ನಾವು ಒಂದು ಮಾತು ಹೇಳಿದೆವು: "ಅಪ್ಪಾ, ಹೊಸ ಖಾಲಿ ಫೋಲ್ಡರಿನಲ್ಲೇ ಇಳಿಸು." ಹಾಗೆ ಹೇಳಲು ಕಾರಣ ಉಂಟು. ಹಿಂದೊಮ್ಮೆ ನಾವೇ ಅವಸರದಲ್ಲಿ ಹಳೆಯ ಬ್ಯಾಕಪನ್ನು ನಡೆಯುವ ಡೇಟಾದ ಮೇಲೆಯೇ ರಿಸ್ಟೋರ್ ಮಾಡಿ, ಕೇಳಿದ್ದಕ್ಕೆಲ್ಲ "ಎಸ್" ಒತ್ತಿ, ಮೂರು ದಿನದ ಎಂಟ್ರಿ ಅಳಿಸಿಕೊಂಡಿದ್ದೆವು. ಕೈ ಸುಟ್ಟ ಮೇಲೆ ಬಂದ ಬುದ್ಧಿ.

ಸಾಯಂಕಾಲಕ್ಕೆ 2005-06ರ ಲೆಕ್ಕ ಕಣ್ಣ ಮುಂದೆ ನಿಂತಿತು. ಆಗಿನ ಅಕೌಂಟೆಂಟರು ಪುಣ್ಯಾತ್ಮರು. ಪ್ರತಿ ತಿಂಗಳ ಸಂಬಳದ ವೋಚರಿನ ಕೆಳಗೆ ಒಬ್ಬೊಬ್ಬರ ಹೆಸರು, ಪಿಎಫ್ ನಂಬರು, ಕಡಿದ ಮೊತ್ತ, ಚಲನ್ ಕಟ್ಟಿದ ತಾರೀಕು, ಚೆಕ್ ನಂಬರು ಎಲ್ಲ ಬರೆದಿದ್ದರು. ಭಟ್ರ ಹೆಸರು ಇಪ್ಪತ್ತನಾಲ್ಕು ತಿಂಗಳಲ್ಲೂ ಇತ್ತು. ಅಲ್ಲೇ ಎಲ್ಲವನ್ನೂ ಪ್ರಿಂಟ್ ತೆಗೆದೆವು. ನಮ್ಮ ಸಿಎ ಅವರಲ್ಲಿದ್ದ ಆಡಿಟ್ ಆದ ಬ್ಯಾಲೆನ್ಸ್ ಶೀಟಿನ ಜೊತೆ 31 ಮಾರ್ಚ್‌ನ ಕ್ಯಾಶ್, ಬ್ಯಾಂಕ್ ಬಾಕಿ ಹೋಲಿಸಿದೆವು. ಪೈಸೆಗೆ ಪೈಸೆ ಸರಿ. ಚಲನ್ ತಾರೀಕು ಸಿಕ್ಕಿದ್ದರಿಂದ ಉಳಿದದ್ದನ್ನು ಹುಡುಕುವುದು ಸುಲಭವಾಯಿತು. ಕೆಲವು ತಿಂಗಳ ಓಡಾಟದ ಬಳಿಕ ಭಟ್ರಿಗೆ ಪೆನ್ಶನ್ ಶುರುವಾಯಿತು. ಮೊತ್ತ ದೊಡ್ಡದಲ್ಲ, ಆದರೆ ಅದು ಅವರು ಒಲೆಯ ಮುಂದೆ ದುಡಿದದ್ದು. ಆ ಸಿ.ಡಿ. ಹಾಳಾಗಿದ್ದರೆ ಅವರ ಮುಖ ನೋಡುವ ಧೈರ್ಯ ನಮಗಿರುತ್ತಿರಲಿಲ್ಲ.

ಸರಕಾರದ ಲೆಕ್ಕಕ್ಕೂ ಇದು ಬೇಕು. ಜಿಎಸ್‌ಟಿ ಕಾಯಿದೆಯ ಪ್ರಕಾರ ಆಯಾ ವರ್ಷದ ವಾರ್ಷಿಕ ರಿಟರ್ನ್ ಸಲ್ಲಿಸಬೇಕಾದ ಕೊನೆಯ ತಾರೀಕಿನಿಂದ 72 ತಿಂಗಳು ಲೆಕ್ಕಪತ್ರ ಇಟ್ಟುಕೊಳ್ಳಬೇಕು. ಪ್ರೈವೇಟ್ ಲಿಮಿಟೆಡ್ ಮಾಡಿಕೊಂಡವರು ಕಂಪನಿ ಕಾಯಿದೆಯಂತೆ 8 ವರ್ಷ ಇಡಬೇಕು. ಆದರೆ ಕೆಲಸಗಾರರ ಪಿಎಫ್, ಪಾಲುದಾರರ ಬಂಡವಾಳ, ಅಣ್ಣತಮ್ಮಂದಿರ ಪಾಲು, ಇವುಗಳ ಪ್ರಶ್ನೆ ಇಪ್ಪತ್ತು ವರ್ಷವಾದ ಮೇಲೂ ಎದ್ದು ಬರುತ್ತದೆ.

ನಾವು ಈಗ ಪಾಲಿಸುವ ಕ್ರಮ ಹೀಗಿದೆ:

1. ಬ್ಯಾಕಪ್ ಮೇಲೆ ತಾರೀಕಿನ ಜೊತೆ ಟ್ಯಾಲಿಯ ಯಾವ ಆವೃತ್ತಿ ಎಂದೂ ಬರೆಯುವುದು. ಟ್ಯಾಲಿವಾಲ್ಟ್ ಪಾಸ್‌ವರ್ಡ್ ಇದ್ದರೆ ಮಾಲಕರ ಬಳಿಯೂ ಬರೆದಿಡುವುದು. ಅದು ಮರೆತರೆ ಡೇಟಾ ಮರಳಿ ಸಿಗುವುದಿಲ್ಲ.

2. ಹೊಸ ಆವೃತ್ತಿ ಹಾಕುವ ದಿನವೇ ಸ್ಪ್ಲಿಟ್ ಮಾಡಿದ ಹಳೆಯ ವರ್ಷಗಳನ್ನೂ ಜೊತೆಗೆ ದಾಟಿಸುವುದು. ಅದಕ್ಕೆ ಮೊದಲು ಒಂದು ಬ್ಯಾಕಪ್ ತೆಗೆದು ಮುಟ್ಟದೆ ಇಡುವುದು.

3. ರಿಸ್ಟೋರ್ ಯಾವಾಗಲೂ ಬೇರೆ ಖಾಲಿ ಫೋಲ್ಡರಿಗೆ. ಬಳಿಕ ಟ್ರಯಲ್ ಬ್ಯಾಲೆನ್ಸನ್ನು ಆಡಿಟ್ ಪ್ರತಿಯೊಡನೆ ಹೋಲಿಸುವುದು.

4. ವರ್ಷ ಮುಗಿದೊಡನೆ ಲೆಡ್ಜರ್, ಡೇ ಬುಕ್, ಸಂಬಳದ ಪಟ್ಟಿ ಪಿಡಿಎಫ್ ಮಾಡಿ, ಮುಖ್ಯವಾದದ್ದನ್ನು ಕಾಗದದಲ್ಲೂ ಇಡುವುದು. ಅದನ್ನು ಓದಲು ಟ್ಯಾಲಿ ಬೇಡ.

5. ಎರಡು ಪ್ರತಿ, ಎರಡು ಜಾಗ. ಒಂದು ಹೋಟೆಲಿನಲ್ಲಿ, ಒಂದು ಮನೆಯಲ್ಲಿ.

ಊರಲ್ಲಿ ನಮ್ಮ ತಾಯಿ ಉಪ್ಪಿನಕಾಯಿ ಭರಣಿಯನ್ನು ಬಟ್ಟೆ ಕಟ್ಟಿ ಮೂಲೆಗಿಟ್ಟು ಮರೆಯುತ್ತಿರಲಿಲ್ಲ. ಆಗಾಗ ಬಿಚ್ಚಿ, ಬೂಸ್ಟು ಹಿಡಿದಿದೆಯೋ ನೋಡಿ, ಮತ್ತೆ ಕಟ್ಟುತ್ತಿದ್ದರು. ಬ್ಯಾಕಪ್ ಕೂಡ ಹಾಗೆಯೇ. ತೆರೆದು ನೋಡದ ಬ್ಯಾಕಪ್ ಇದ್ದರೂ ಇಲ್ಲದಂತೆ. ಈ ವಾರ ಒಂದು ದಿನ ಗಲ್ಲಾ ಮಗನಿಗೆ ಒಪ್ಪಿಸಿ, ನಿಮ್ಮ ಕಪಾಟಿನ ಹಳೆಯ ಸಿ.ಡಿ., ಪೆನ್ ಡ್ರೈವ್ ಹೊರಗೆ ತೆಗೆಯಿರಿ. 7.2 ಬಲ್ಲ ಹುಡುಗರು ಮತ್ತು ಅದು ನಡೆಯುವ ಕಂಪ್ಯೂಟರುಗಳು ವರ್ಷ ವರ್ಷಕ್ಕೆ ಕಡಿಮೆಯಾಗುತ್ತಿವೆ.