ಡಿಕ್ಕಿಯೇ ಡಿಕ್ಕಿ ಹೊಡೆದಾಗ: ಕಾರಿನ ಗ್ಯಾಸ್ ಸ್ಟ್ರಟ್ ಬದಲಿಸಿದ ಕಥೆ

(ಪಾಡ್‌ಕಾಸ್ಟ್ ಸಂಚಿಕೆಯ ಅಕ್ಷರರೂಪ. ಓದಲು ಅನುಕೂಲ ಆಗಲಿ ಅಂತ ಅಲ್ಲಲ್ಲಿ ಚಿಕ್ಕ ತಿದ್ದುಪಡಿ ಮಾಡಲಾಗಿದೆ.)

ಇವತ್ತಿನ ವಿಷಯ ಕೇಳಿದ್ರೆ ಕೆಲವರಿಗೆ ನಗು ಬರಬಹುದು. ಕಾರಿನ ಡಿಕ್ಕಿ ತೆಗೆದಾಗ ಎರಡೂ ಬದಿಯಲ್ಲಿ ಒಂದೊಂದು ಕಪ್ಪು ಕಡ್ಡಿ ಕಾಣುತ್ತಲ್ಲ, ಮುಚ್ಚಳವನ್ನ ಮೇಲೆತ್ತಿ ಹಿಡಿಯೋದು, ಅದರ ಬಗ್ಗೆ ಮಾತಾಡೋಣ. ಅದರ ಹೆಸರು ಗ್ಯಾಸ್ ಸ್ಟ್ರಟ್. ಸ್ಪೇರ್ ಪಾರ್ಟ್ಸ್ ಅಂಗಡಿಯಲ್ಲಿ ‘ಡಿಕ್ಕಿ ಶಾಕರ್’ ಅಂದ್ರೂ ಕೊಡ್ತಾರೆ.

ಮೊದಲೇ ಹೇಳಿಬಿಡ್ತೀನಿ, ನಾನು ಬಿ.ಕಾಂ ಓದಿದವನು, ಮೆಕ್ಯಾನಿಕ್ ಅಲ್ಲ. ಈ ವಿಷಯ ನಾನು ಕಲಿತಿದ್ದು ಅಮ್ಮನ ಹಣೆ ಊದಿಕೊಂಡ ಮೇಲೆ.

ನಮ್ಮ ಮನೆ ತುಮಕೂರಲ್ಲಿ. ಅಪ್ಪನ ಹತ್ರ 2015ರ ಒಂದು ಹ್ಯಾಚ್‌ಬ್ಯಾಕ್ ಕಾರಿದೆ. ನಾನು ಬೆಂಗಳೂರಿಂದ ಎರಡು ವಾರಕ್ಕೊಮ್ಮೆ ಹೋಗ್ತೀನಿ. ಕಳೆದ ಚಳಿಗಾಲಕ್ಕೆ ಮುಂಚೆಯಿಂದಲೇ ಅಮ್ಮ ಹೇಳ್ತಾನೇ ಇದ್ರು, ‘ಯಾಕೋ ಈ ಡಿಕ್ಕಿ ಭಾರ ಆಗಿದೆ ಕಣೋ.’ ಅಪ್ಪ, ‘ನಿಂಗೆ ಭುಜ ನೋವು, ಅದಕ್ಕೆ ಹಂಗೆ ಅನ್ಸುತ್ತೆ’ ಅಂದ್ರು. ನಾನೂ ಏನು ಮಾಡ್ದೆ? ‘ವಯಸ್ಸಾಯ್ತಲ್ಲಮ್ಮ’ ಅಂತ ತಮಾಷೆ ಮಾಡ್ದೆ. ಆಮೇಲೆ ಒಂದಿನ ಮುಚ್ಚಳ ತಾನಾಗಿ ಕೆಳಗೆ ಜಾರೋಕೆ ಶುರುವಾಯ್ತು. ಅಪ್ಪ ಹಳೇ ಪೊರಕೆ ಕೋಲು ಒಂದನ್ನ ಕತ್ತರಿಸಿ ಡಿಕ್ಕಿ ಒಳಗೆ ಇಟ್ರು. ಡಿಕ್ಕಿ ತೆಗೀಬೇಕು, ಕೋಲು ಕೊಡಬೇಕು, ಸಾಮಾನು ತೆಗೀಬೇಕು. ಸಮಸ್ಯೆ ಮುಗೀತು ಅಂದ್ಕೊಂಡ್ವಿ.

ಡಿಸೆಂಬರ್‌ನ ಒಂದು ಬೆಳಗ್ಗೆ ಅಮ್ಮ ಸಂತೆಯಿಂದ ತಂದ ತರಕಾರಿ ಚೀಲ ಇಳಿಸುವಾಗ ಚೀಲ ಕೋಲಿಗೆ ತಗುಲ್ತು. ಕೋಲು ಹಾರಿತು, ಮುಚ್ಚಳ ಬಿತ್ತು. ಲಾಕ್ ಇರುವ ಜಾಗ ನೇರ ಹಣೆಗೆ. ಕನ್ನಡಕ ಎರಡು ತುಂಡು, ಹುಬ್ಬಿನ ಮೇಲೆ ನಿಂಬೆಹಣ್ಣಿನಷ್ಟು ಊತ. ಇನ್ನೊಂದು ಇಂಚು ಕೆಳಗೆ ಬಿದ್ದಿದ್ರೆ ಕಣ್ಣು. ಅಷ್ಟಾದ್ರೂ ಅಪ್ಪನ ಬಾಯಲ್ಲಿ ಮೊದಲು ಬಂದ ಮಾತು ‘ನೋಡ್ಕೊಂಡು ತೆಗೀಬಾರ್ದೇನೇ?’

ಆ ಮಾತು ನಂಗೆ ಇನ್ನೂ ಚುಚ್ಚುತ್ತೆ. ಯಾಕಂದ್ರೆ ನೋಡಬೇಕಾದವರು ನಾವು. ಎರಡು ತಿಂಗಳಿಂದ ಅವರು ಸರಿಯಾಗೇ ಹೇಳ್ತಿದ್ರು.

ಒಳಗೆ ಏನಿದೆ?

ಈ ಸ್ಟ್ರಟ್ ನೋಡೋಕೆ ಸೈಕಲ್ ಪಂಪ್ ಥರ ಇರುತ್ತೆ. ಒಂದು ಸೀಲ್ ಮಾಡಿದ ಉಕ್ಕಿನ ಕೊಳವೆ, ಅದರೊಳಗಿಂದ ಹೊರಗೆ ಬರೋ ಹೊಳೆಯುವ ಕಡ್ಡಿ. ಕೊಳವೆ ಒಳಗೆ ಸ್ಪ್ರಿಂಗ್ ಇರಲ್ಲ. ತುಂಬಾ ಒತ್ತಡದಲ್ಲಿ ತುಂಬಿದ ನೈಟ್ರೋಜನ್ ಅನಿಲ ಮತ್ತು ಸ್ವಲ್ಪ ಎಣ್ಣೆ ಇರುತ್ತೆ. ಅನಿಲ ಕಡ್ಡಿಯನ್ನ ಯಾವಾಗಲೂ ಹೊರಗೆ ತಳ್ತಾ ಇರುತ್ತೆ. ಎಣ್ಣೆ ಸೀಲ್ ಒಣಗದ ಹಾಗೆ ನೋಡ್ಕೊಳ್ಳುತ್ತೆ, ಜೊತೆಗೆ ಮುಚ್ಚಳ ಪೂರ್ತಿ ತೆರೆಯುವ ಕೊನೇ ಘಳಿಗೆಯಲ್ಲಿ ಧಡಾರ್ ಅನ್ನದಂತೆ ನಿಧಾನ ಮಾಡುತ್ತೆ.

ಎಷ್ಟು ಒತ್ತಡ? ಒಂದು ಲೆಕ್ಕ ಹಾಕೋಣ. ಸ್ಟ್ರಟ್ ಮೇಲೆ ‘450N’ ಅಂತ ಬರೆದಿದೆ ಅಂದ್ಕೊಳ್ಳಿ. ಎನ್ ಅಂದ್ರೆ ನ್ಯೂಟನ್. ಸುಮಾರು ಹತ್ತರಿಂದ ಭಾಗಿಸಿದ್ರೆ ಕೆಜಿ ಅಂದಾಜು ಸಿಗುತ್ತೆ, ಅಂದ್ರೆ 45 ಕೆಜಿ ಎತ್ತುವಷ್ಟು ಬಲ. ಕಡ್ಡಿಯ ದಪ್ಪ 8 ಮಿಲಿಮೀಟರ್ ಇದ್ರೆ, ಇಷ್ಟು ಬಲ ಬರಬೇಕಾದ್ರೆ ಒಳಗೆ ಹತ್ತಿರ ಹತ್ತಿರ 90 ಬಾರ್ ಒತ್ತಡ ಬೇಕು. ನಿಮ್ಮ ಕಾರಿನ ಟೈರಲ್ಲಿ 33 ಪಿಎಸ್‌ಐ ಗಾಳಿ ಇದ್ರೆ ಅದು ಎರಡೂಕಾಲು ಬಾರ್ ಅಷ್ಟೇ. ಅಂದ್ರೆ ಟೈರಿನ 40 ಪಟ್ಟು ಒತ್ತಡ ಆ ಸಣ್ಣ ಕೊಳವೆಯಲ್ಲಿ ಕೂತಿದೆ. ಈ ಲೆಕ್ಕ ನೆನಪಿರಲಿ, ಕೊನೆಗೆ ಮತ್ತೆ ಬೇಕಾಗುತ್ತೆ.

ಡಿಕ್ಕಿ ಮುಚ್ಚಳ ಅಷ್ಟು ಭಾರ ಇಲ್ಲವಲ್ಲ, ಇಷ್ಟು ಬಲ ಯಾಕೆ ಅಂತ ಕೇಳಬಹುದು. ಮನೆ ಬಾಗಿಲನ್ನ ಚಿಲಕದ ಹತ್ರ ತಳ್ಳಿದ್ರೆ ಸಲೀಸು, ಕೀಲಿನ ಹತ್ರ ತಳ್ಳಿ ನೋಡಿ, ಎಷ್ಟು ಕಷ್ಟ ಅಂತ. ಸ್ಟ್ರಟ್ ಕೂತಿರೋದು ಕೀಲಿನ ಹತ್ರ. ಅದಕ್ಕೇ ಅಷ್ಟು ಶಕ್ತಿ ಬೇಕು. ಮುಚ್ಚಿರುವಾಗ ಅದು ಇನ್ನೂ ಕೀಲಿನ ನೇರಕ್ಕೆ ಬಂದು ಮಲಗಿರುತ್ತೆ, ಹಾಗಾಗಿ ಎತ್ತುವ ಹಿಡಿತ ಕಡಿಮೆ. ನಾವು ಕೈಯಿಂದ ಸ್ವಲ್ಪ ಎತ್ತಿದ ಮೇಲೆ ಉಳಿದದ್ದನ್ನ ಅದೇ ಎತ್ತುತ್ತೆ.

ಯಾಕೆ ನಮಗೆ ಗೊತ್ತಾಗಲ್ಲ?

ಪಂಚರ್ ಆದ್ರೆ ಅವತ್ತೇ ಗೊತ್ತಾಗುತ್ತೆ. ಸ್ಟ್ರಟ್ ಹಾಗಲ್ಲ. ಸೀಲ್ ಸವೀತಾ ಹೋದ ಹಾಗೆ ಅನಿಲ ಇಷ್ಟಿಷ್ಟೇ ಹೊರಗೆ ಹೋಗುತ್ತೆ. ಕಡ್ಡಿ ಮೇಲೆ ಧೂಳು ಕೂತ್ರೆ, ಗೀರು ಬಿದ್ರೆ, ತುಕ್ಕು ಹಿಡಿದ್ರೆ ಇನ್ನೂ ಬೇಗ. ಕಾಮರ್ಸ್ ಓದಿದವರಿಗೆ ಇದು ಸವಕಳಿ ಥರ. ವರ್ಷಾ ವರ್ಷಾ ಮೌಲ್ಯ ಇಳೀತಾ ಇರುತ್ತೆ, ಆದ್ರೆ ಯಾವ ದಿನವೂ ‘ಇವತ್ತು ಹಾಳಾಯ್ತು’ ಅಂತ ಬೋರ್ಡ್ ಹಾಕಲ್ಲ. ಅಪ್ಪನಂಥ ಎತ್ತರದವರು, ಗಟ್ಟಿ ಕೈಯವರು ಗೊತ್ತೇ ಆಗದ ಹಾಗೆ ಸ್ವಲ್ಪ ಜಾಸ್ತಿ ಬಲ ಹಾಕಿ ಎತ್ತುತ್ತಾರೆ. ಮೊದಲು ಗೊತ್ತಾಗೋದು ಕೈ ಎತ್ತರಿಸಿ ತೆಗೆಯೋ ಅಮ್ಮಂದಿರಿಗೆ, ವಯಸ್ಸಾದವರಿಗೆ. ಅವರು ಭಾರ ಅಂದ್ರೆ ಭಾರವೇ.

ಇನ್ನೊಂದು, ಚಳಿ. ಅನಿಲ ತಣ್ಣಗಾದ್ರೆ ಒತ್ತಡ ಇಳಿಯುತ್ತೆ. ಮಧ್ಯಾಹ್ನ 35 ಡಿಗ್ರಿಯಲ್ಲಿದ್ದ ಸ್ಟ್ರಟ್ ಬೆಳಗಿನ ಜಾವ 15 ಡಿಗ್ರಿಗೆ ಬಂದ್ರೆ ಬಲ ಸುಮಾರು ಶೇ 6ರಷ್ಟು ಕಡಿಮೆ. ಹೊಸದರಲ್ಲಿ ಇದು ಲೆಕ್ಕಕ್ಕೇ ಬರಲ್ಲ. ಸವೆದು ಅಂಚಿನಲ್ಲಿರೋ ಸ್ಟ್ರಟ್‌ಗೆ ಅಷ್ಟೇ ಸಾಕು, ಮುಚ್ಚಳ ಕೆಳಗೆ ಬರೋಕೆ. ನಮ್ಮನೆಯಲ್ಲಿ ಡಿಸೆಂಬರ್ ಬೆಳಗ್ಗೆಯೇ ಆಗಿದ್ದು ಕಾಕತಾಳೀಯ ಇರಲಾರದು.

ಇವತ್ತೇ ಮನೆ ಕಾರಲ್ಲಿ ನೋಡಿ. ಬೆಳಗ್ಗೆ, ಕಾರು ತಣ್ಣಗಿರುವಾಗ ಡಿಕ್ಕಿ ಪೂರ್ತಿ ತೆಗೆದು ಐದು ನಿಮಿಷ ಬಿಡಿ. ಕೆಳಗೆ ಜಾರುತ್ತಾ? ಮೇಲಿಂದ ಎರಡು ಬೆರಳಲ್ಲಿ ಮೆತ್ತಗೆ ಒತ್ತಿ. ತಡೆಯೇ ಇಲ್ಲದೆ ಬೀಳೋಕೆ ಹೊರಡುತ್ತಾ? ಕಡ್ಡಿ ಮೇಲೆ ಎಣ್ಣೆ ಜಿಡ್ಡು ಇದೆಯಾ? ಯಾವುದಕ್ಕಾದ್ರೂ ಹೌದು ಅಂದ್ರೆ ಬದಲಿಸುವ ಸಮಯ ಬಂದಿದೆ. ನೋಡುವಾಗ ತಲೆ ಮಾತ್ರ ಮುಚ್ಚಳದ ಕೆಳಗೆ ಇಡಬೇಡಿ. ಹಾಂ, ಕೆಲವು ಸೆಡಾನ್ ಕಾರುಗಳಲ್ಲಿ ಗ್ಯಾಸ್ ಸ್ಟ್ರಟ್ ಇರೋದೇ ಇಲ್ಲ, ಕಬ್ಬಿಣದ ಸ್ಪ್ರಿಂಗ್ ಅಥವಾ ತಿರುಚಿದ ಕಂಬಿ ಇರುತ್ತೆ. ಅದಕ್ಕೆ ಮನೆಯಲ್ಲಿ ಕೈ ಹಾಕಬೇಡಿ.

ಪಾರ್ಟ್ ತಗೊಳ್ಳೋವಾಗ

ನಾವು ಮೊದಲು ಒಂದು ವರ್ಕ್‌ಶಾಪಲ್ಲಿ ಕೇಳಿದ್ವಿ. ಎರಡಕ್ಕೂ ಲೇಬರ್ ಸೇರಿ 3,800 ರೂಪಾಯಿ ಎಸ್ಟಿಮೇಟ್ ಕೊಟ್ರು. ನಾನು ಬೆಂಗಳೂರಿನ ಜೆ.ಸಿ. ರಸ್ತೆಯಲ್ಲಿ ಹುಡುಕಿ ಜೊತೆ ಸ್ಟ್ರಟ್ 1,600ಕ್ಕೆ ತಂದೆ. ಇದು ನಮ್ಮ ಕಾರಿನ ಲೆಕ್ಕ, ಕಾರಿಂದ ಕಾರಿಗೆ ರೇಟ್ ಬೇರೆ. ಬಿಲ್ ತಗೊಳ್ಳಿ, ಬಿಲ್ಲಲ್ಲಿ ಜಿಎಸ್‌ಟಿ ನೋಡಿ. 2025ರ ಸೆಪ್ಟೆಂಬರ್ 22ರಿಂದ ವಾಹನದ ಬಿಡಿಭಾಗಗಳ ಮೇಲೆ ಶೇ 18. ಯಾರಾದ್ರೂ ಇನ್ನೂ ಹಳೇ ಶೇ 28 ಹಾಕಿದ್ರೆ ಕೇಳಿ.

ಅಂಗಡಿಗೆ ಹೋಗೋ ಮುಂಚೆ ಹಳೇ ಸ್ಟ್ರಟ್‌ನ ಮೇಲಿನ ಬರಹವನ್ನ ಫೋಟೋ ತೆಗೆದಿಟ್ಕೊಳ್ಳಿ. ಪಾರ್ಟ್ ನಂಬರ್, ನ್ಯೂಟನ್ ಸಂಖ್ಯೆ ಎರಡೂ ಬೇಕು. ಕಾರಿನ ಮಾಡೆಲ್, ವರ್ಷ ಹೇಳಿ. ಒಂದು ಕಡೆಯ ಸಾಕೆಟ್ ಮಧ್ಯದಿಂದ ಇನ್ನೊಂದು ಕಡೆಯ ಸಾಕೆಟ್ ಮಧ್ಯಕ್ಕೆ ಉದ್ದ ಅಳೆದಿಡಿ. ‘ಇನ್ನೂ ಸ್ಟ್ರಾಂಗ್ ಇದೆ ಸಾರ್, ಇದನ್ನೇ ಹಾಕಿ’ ಅಂದ್ರೆ ಮರುಳಾಗಬೇಡಿ. ಬಲ ಜಾಸ್ತಿ ಆದ್ರೆ ಮುಚ್ಚಳ ರಪ್ಪನೆ ಹಾರಿ ಗದ್ದಕ್ಕೆ ಹೊಡೀಬಹುದು, ಮುಚ್ಚೋಕೂ ಒದ್ದಾಡಬೇಕು, ಕೀಲಿನ ಮೇಲೂ ಹೊರೆ. ಕಂಪನಿ ಕೊಟ್ಟಷ್ಟೇ ಇರಲಿ.

ಮತ್ತೆ, ಎರಡನ್ನೂ ಒಟ್ಟಿಗೆ ಬದಲಿಸಿ. ಎರಡೂ ಅಷ್ಟೇ ವರ್ಷ ದುಡಿದಿವೆ. ಒಂದು ಹೊಸದು, ಒಂದು ಸತ್ತಿದ್ದು ಇದ್ರೆ ಮುಚ್ಚಳ ಒಂದು ಕಡೆಗೆ ತಿರುಚಿಕೊಳ್ಳುತ್ತೆ.

ಬದಲಿಸೋದು ಹೇಗೆ?

ಬೇಕಾಗಿದ್ದು ಒಂದು ಸಣ್ಣ ಚಪ್ಪಟೆ ಸ್ಕ್ರೂಡ್ರೈವರ್, ಚಿಟಿಕೆ ಗ್ರೀಸ್, ಮತ್ತೆ ಒಬ್ಬ ಮನುಷ್ಯ. ಮನುಷ್ಯ ಕಡ್ಡಾಯ. ನಮ್ಮಲ್ಲಿ ಆ ಕೆಲಸ ಅಪ್ಪಂದು.

ಕಾರನ್ನ ಸಮತಟ್ಟು ಜಾಗದಲ್ಲಿ ನಿಲ್ಲಿಸಿ, ಹ್ಯಾಂಡ್‌ಬ್ರೇಕ್ ಹಾಕಿ, ಡಿಕ್ಕಿ ಖಾಲಿ ಮಾಡಿ. ಜೋರು ಗಾಳಿ ಇರುವಾಗ ಬೇಡ. ಮುಚ್ಚಳ ಪೂರ್ತಿ ಎತ್ತಿ ಗಟ್ಟಿ ಕೋಲು ಕೊಡಿ, ಜೊತೆಗೆ ಒಬ್ಬರು ಎರಡೂ ಕೈಯಲ್ಲಿ ಹಿಡಿದಿರಲಿ. ಬರೀ ಕೋಲು ನಂಬಿದ್ದಕ್ಕೆ ಏನಾಯ್ತು ಅಂತ ಹೇಳಿದೆನಲ್ಲ. ಎರಡೂ ಸ್ಟ್ರಟ್ ಒಟ್ಟಿಗೆ ಬಿಚ್ಚಬೇಡಿ. ಒಂದು ಬದಿ ಮುಗಿಸಿ, ಆಮೇಲೆ ಇನ್ನೊಂದು.

ಬಹಳಷ್ಟು ಕಾರುಗಳಲ್ಲಿ ಸ್ಟ್ರಟ್‌ನ ಎರಡೂ ತುದಿಯಲ್ಲಿ ಒಂದು ಬಟ್ಟಲು ಇರುತ್ತೆ, ಅದು ಕಾರಲ್ಲಿರೋ ಗುಂಡಿನ ಮೇಲೆ ಕೂತಿರುತ್ತೆ. ಬಟ್ಟಲಿನ ಹಿಂದೆ ತೆಳು ಸ್ಪ್ರಿಂಗ್ ಕ್ಲಿಪ್. ಸ್ಕ್ರೂಡ್ರೈವರ್ ತುದಿಯನ್ನ ಕ್ಲಿಪ್ ಕೆಳಗೆ ತೂರಿಸಿ ಮೂರು ನಾಲ್ಕು ಮಿಲಿಮೀಟರ್ ಎತ್ತಿ, ಪೂರ್ತಿ ಕಿತ್ತು ಹಾಕಬೇಡಿ. ಆಮೇಲೆ ಬಟ್ಟಲನ್ನ ಹೊರಗೆ ಎಳೆದ್ರೆ ಟಕ್ ಅಂತ ಬರುತ್ತೆ. ಇನ್ನೊಂದು ತುದಿಗೂ ಹಾಗೇ. ನಿಮ್ಮ ಕಾರಲ್ಲಿ ಕ್ಲಿಪ್ ಬದಲು ಬೋಲ್ಟ್ ಇದ್ರೆ ಅಥವಾ ಗುಂಡೇ ತುಕ್ಕು ಹಿಡಿದು ಅಲ್ಲಾಡ್ತಿದ್ರೆ ಅಲ್ಲಿಗೆ ನಿಲ್ಲಿಸಿ, ಮೆಕ್ಯಾನಿಕ್ ಹತ್ರ ಹೋಗಿ.

ಹೊಸದನ್ನ ಹಳೇದರ ಪಕ್ಕ ಇಟ್ಟು ಉದ್ದ ನೋಡಿ. ಗುಂಡಿಗೆ ಚೂರು ಗ್ರೀಸ್ ಹಚ್ಚಿ. ಹೊಳೆಯುವ ಕಡ್ಡಿಗೆ ಗ್ರೀಸ್ ಬೇಡ, ಧೂಳು ಅಂಟುತ್ತೆ. ಕಡ್ಡಿಯನ್ನ ಇಕ್ಕಳದಲ್ಲಿ ಹಿಡಿಯಲೇಬೇಡಿ, ಗೀರು ಬಿದ್ರೆ ಅದೇ ಸೀಲನ್ನ ತಿನ್ನುತ್ತೆ. ಹಳೇದು ಯಾವ ದಿಕ್ಕಿಗೆ ಇತ್ತೋ ಹೊಸದೂ ಅದೇ ದಿಕ್ಕಿಗೆ. ಸಾಮಾನ್ಯವಾಗಿ ಡಿಕ್ಕಿ ಮುಚ್ಚಿದಾಗ ಕಡ್ಡಿ ಇರೋ ತುದಿ ಕೆಳಗೆ ಬರುತ್ತೆ, ಆಗ ಎಣ್ಣೆ ಸೀಲ್ ಹತ್ರ ಉಳಿಯುತ್ತೆ. ಗುಂಡಿನ ಮೇಲೆ ಬಟ್ಟಲು ಇಟ್ಟು ಒತ್ತಿ, ಟಕ್ ಅಂದ ಮೇಲೆ ಒಮ್ಮೆ ಎಳೆದು ನೋಡಿ.

ನಂಗೆ ಇಲ್ಲೊಂದು ಪೇಚಾಟ ಆಯ್ತು. ಮೇಲಿನ ತುದಿ ಕೂತಿತ್ತು, ಕೆಳಗಿನದು ಗುಂಡಿಗಿಂತ ಒಂದು ಬೆರಳು ಮುಂದೆ ಹೋಗ್ತಿತ್ತು. ಕೈಯಲ್ಲಿ ಒತ್ತಿ ಗಿಡ್ಡ ಮಾಡೋಕೆ ನೋಡಿದೆ. 45 ಕೆಜಿ ಬಲ, ಎಲ್ಲಿ ಜಗ್ಗುತ್ತೆ? ಪಾರ್ಟ್ ತಪ್ಪು ತಂದೆ ಅಂತ ಬೆವತುಹೋದೆ. ಆಮೇಲೆ ಹೊಳೀತು, ಅಪ್ಪ ಕೈ ಸೋತು ಮುಚ್ಚಳವನ್ನ ಸ್ವಲ್ಪ ಇಳಿಸಿದ್ರು. ‘ಇನ್ನೊಂಚೂರು ಎತ್ತಪ್ಪ’ ಅಂದೆ. ತಕ್ಷಣ ಕೂತ್ಕೊಳ್ತು.

ಎರಡೂ ಆದ ಮೇಲೆ ಕೋಲು ತೆಗೆದು ಮೊದಲ ಸಲ ಮೆಲ್ಲಗೆ ಮುಚ್ಚಿ, ಎಲ್ಲೂ ತಾಗ್ತಿಲ್ಲ ಅಂತ ನೋಡಿ. ನಮಗೆ ಒಟ್ಟು ಇಪ್ಪತ್ತೈದು ನಿಮಿಷ ಆಯ್ತು.

ಹಳೇದನ್ನ ಏನು ಮಾಡೋದು?

ಈಗ ಆ 90 ಬಾರ್ ಲೆಕ್ಕ ನೆನಪಿಸ್ಕೊಳ್ಳಿ. ಸ್ಟ್ರಟ್ ಸೋತಿದೆ ಅಂದ್ರೆ ಖಾಲಿ ಆಗಿದೆ ಅಂತಲ್ಲ. ಮುಚ್ಚಳ ಎತ್ತೋಕೆ ಸಾಲದಿದ್ರೂ ಒಳಗೆ ಸಾಕಷ್ಟು ಒತ್ತಡ ಉಳಿದಿರಬಹುದು. ಕತ್ತರಿಸಬೇಡಿ, ತೂತು ಕೊರೆಯಬೇಡಿ, ಬೆಂಕಿಗೆ ಹಾಕಬೇಡಿ. ಒಳಗೆ ಏನಿದೆ ಅಂತ ರೀಲ್ಸ್ ಮಾಡೋಕೂ ಬೇಡ. ಸುಮ್ಮನೆ ಗುಜರಿ ಚೀಲಕ್ಕೆ ಎಸೆದ್ರೆ ಗೊತ್ತಿಲ್ಲದೆ ಅದನ್ನ ಕತ್ತರಿಸೋ ಹುಡುಗನಿಗೆ ಪೆಟ್ಟಾಗುತ್ತೆ. ನಾನು ನಮ್ಮ ಏರಿಯಾದ ಗ್ಯಾರೇಜ್ ಅಣ್ಣನಿಗೆ ‘ಒಳಗೆ ಪ್ರೆಶರ್ ಇದೆ’ ಅಂತ ಹೇಳಿ ಕೊಟ್ಟೆ.

ಕೊನೆಗೆ ಒಂದು ಲೆಕ್ಕ. ಜೊತೆ ಸ್ಟ್ರಟ್‌ಗೆ 1,600. ಅಮ್ಮನ ಹೊಸ ಕನ್ನಡಕಕ್ಕೆ 2,900, ಡಾಕ್ಟರ್ ಫೀಸು ಬೇರೆ. ಪೊರಕೆ ಕೋಲು ನಮಗೆ ಒಂದು ರೂಪಾಯಿಯನ್ನೂ ಉಳಿಸಲಿಲ್ಲ. ಖರ್ಚನ್ನ ಮುಂದಕ್ಕೆ ಹಾಕಿತ್ತು, ಬಡ್ಡಿ ಅಮ್ಮ ಕಟ್ಟಿದ್ರು. ವರ್ಕ್‌ಶಾಪಿಗೆ 3,800 ಕೊಟ್ಟು ಅವತ್ತೇ ಹಾಕಿಸಿದ್ರೂ ಲಾಭವೇ ಇತ್ತು. ಹಾಗಾಗಿ ನಿಮಗೆ ಧೈರ್ಯ ಇಲ್ಲ, ಜೊತೆಗೆ ಹಿಡಿಯೋರಿಲ್ಲ ಅಂದ್ರೆ ಲೇಬರ್ ಕೊಟ್ಟು ಮಾಡಿಸಿ, ಅದರಲ್ಲಿ ನಾಚಿಕೆ ಇಲ್ಲ. ಮುಂದಕ್ಕೆ ಮಾತ್ರ ಹಾಕಬೇಡಿ.

ಕೆಲಸ ಮುಗಿದ ಮೇಲೆ ಅಮ್ಮನ್ನ ಕರೆದ್ವಿ. ಒಂದು ಕೈಯಲ್ಲಿ ಲಾಕ್ ಒತ್ತಿ ಸ್ವಲ್ಪ ಎತ್ತಿದ್ರು, ಮುಚ್ಚಳ ತಾನಾಗೇ ಮೇಲೆ ಹೋಗಿ ನಿಂತ್ಕೊಳ್ತು. ಎರಡು ಸಲ ಮುಚ್ಚಿ ತೆಗೆದು ನೋಡಿದ್ರು. ಅಪ್ಪನ ಕಡೆ ತಿರುಗಿ ಕೇಳಿದ್ದು ಇಷ್ಟೇ: ‘ಈಗ ನನ್ನ ಭುಜ ನೋವು ಹೋಯ್ತಾ?’

ಅಪ್ಪ ಏನೂ ಮಾತಾಡ್ಲಿಲ್ಲ. ಕೋಲು ತಗೊಂಡು ಹೋಗಿ ಹಿತ್ತಲಲ್ಲಿ ಇಟ್ಟು ಬಂದ್ರು.

ಇವತ್ತಿಗೆ ಇಷ್ಟು. ಮನೆಗೆ ಹೋದ ತಕ್ಷಣ ಡಿಕ್ಕಿ ತೆಗೆದು ನೋಡಿ. ಅದಕ್ಕಿಂತ ಮೊದಲು, ಅದನ್ನ ದಿನಾ ತೆಗೆಯೋರನ್ನ ಒಂದ್ಸಲ ಕೇಳಿ, ‘ಭಾರ ಅನ್ಸುತ್ತಾ?’ ಅಂತ.