ಮುದ್ರೆಯ ಮೇಲೊಂದು ಮುದ್ರೆ

ಕೊಪ್ಪಳ, ಗಂಗಾವತಿ, ಕುಷ್ಟಗಿ, ಯಲಬುರ್ಗಾ ಸೀಮೆಯ ಹಳೆಯ ಮನೆಗಳಲ್ಲಿ ಅಜ್ಜಿಯ ಪೆಟ್ಟಿಗೆಯ ತಳವನ್ನು ಶೋಧಿಸಿದರೆ ಒಂದೆರಡು ಬೆಳ್ಳಿಯ ರೂಪಾಯಿಗಳು ದೊರೆಯುವುದುಂಟು. ಕೆಲವಕ್ಕೆ ಸರದಲ್ಲಿ ಪೋಣಿಸುವುದಕ್ಕಾಗಿ ಕೊಂಡಿಯನ್ನು ಬೆಸೆದಿರುವರು. ಮತ್ತೆ ಕೆಲವುಗಳ ಮೈಮೇಲೆ ಚುಕ್ಕೆ, ನಕ್ಷತ್ರ, ಹೂವುಗಳಂತಹ ಕಿರುಗುರುತುಗಳಿರುವುವು. ಇವನ್ನು ಕಂಡು, ನಾಣ್ಯವನ್ನು ಯಾರೋ ಕೆಡಿಸಿರುವರೆಂದು ನಾವು ಬಗೆಯುವೆವು. ವಾಸ್ತವದಲ್ಲಿ ಅವು ಸರಾಫರ ಗುರುತುಗಳು.

ಪೂರ್ವದಲ್ಲಿ ಒಂದೇ ಸೀಮೆಯಲ್ಲಿ ನಾನಾ ಟಂಕಸಾಲೆಗಳ ರೂಪಾಯಿಗಳು ಬೆರೆತು ನಡೆಯುತ್ತಿದ್ದುವು. ನಿಜಾಮರ ರಾಜ್ಯದಲ್ಲಿ ಹೈದರಾಬಾದಿನದಲ್ಲದೆ ಗದ್ವಾಲ, ನಾರಾಯಣಪೇಟೆಗಳ ನಾಣ್ಯಗಳೂ ಇದ್ದುವು. ತೂಕವೂ ಬೆಳ್ಳಿಯ ಶುದ್ಧತೆಯೂ ಎಲ್ಲದರಲ್ಲಿಯೂ ಒಂದೇ ಸಮನಾಗಿರಲಿಲ್ಲ. ಆದಕಾರಣ ಸರಾಫನು ನಾಣ್ಯವನ್ನು ತೂಗಿ, ಪರೀಕ್ಷಿಸಿ, ತನ್ನ ಗುರುತನ್ನು ಒತ್ತುವನು. ಅದೇ ನಾಣ್ಯ ಮರಳಿ ಬಂದಾಗ ಪುನಃ ಪರೀಕ್ಷಿಸುವ ಶ್ರಮ ತಪ್ಪುವುದು. ಆದರೆ ಗುರುತುಗಳು ಹೆಚ್ಚಿದಷ್ಟೂ ಅರಸನ ಅಕ್ಷರಗಳು ಅಳಿಯುವುವು. ಅಂತಹ ನಾಣ್ಯಕ್ಕೆ ಬಟ್ಟಾ ಮುರಿದುಕೊಳ್ಳುವರು. ನಷ್ಟವು ಕೊನೆಗೆ ಅದನ್ನು ಹಿಡಿದು ಬಂದ ಬಡವನದೇ ಆಗುವುದು!

೧೮೫೭ರವರೆಗೆ ಹೈದರಾಬಾದಿನ ರೂಪಾಯಿಯ ಮೇಲೆ ದಿಲ್ಲಿಯ ಮೊಗಲ ಬಾದಶಹನ ಹೆಸರಿದ್ದಿತು. ತರುವಾಯ ಆ ಹೆಸರು ಹೋಗಿ, ಆಸಫ್ ಜಾಹ್ ಎಂಬ ನಿಜಾಮರ ಬಿರುದೂ ೯೨ ಎಂಬ ಅಂಕಿಯೂ ಬಂದುವು. ಅರಬ್ಬೀ ಅಕ್ಷರಗಳ ಲೆಕ್ಕದಲ್ಲಿ ೯೨ ಎಂದರೆ ಮಹಮ್ಮದ ಪೈಗಂಬರರ ಹೆಸರು. ಇದೇ 'ಹಾಲಿ ಸಿಕ್ಕಾ', ಎಂದರೆ ಈಗ ನಡೆಯುವ ನಾಣ್ಯ. ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಯಂತ್ರದಿಂದ ಅಚ್ಚಾದ ರೂಪಾಯಿಯ ಮೇಲೆ ಚಾರ್‌ಮಿನಾರಿನ ಚಿತ್ರ ಬಂದಿತು. ಅದರ ಬಾಗಿಲೊಳಗೆ 'ಮೀಮ್' ಅಕ್ಷರವಿದ್ದರೆ ಮಹಬೂಬ್ ಅಲಿ ಖಾನರ ಕಾಲದ್ದು. 'ಐನ್' ಇದ್ದರೆ ೧೯೧೧ರಲ್ಲಿ ಪಟ್ಟವೇರಿದ ಉಸ್ಮಾನ್ ಅಲಿ ಖಾನರ ಕಾಲದ್ದು. ಮನೆಯ ಮಕ್ಕಳು ಭೂತಗನ್ನಡಿ ಹಿಡಿದು ಇದನ್ನು ತಾವೇ ಗುರುತಿಸಬಹುದು.

ನಮ್ಮ ಸೀಮೆಯಾದರೋ ಗಡಿಯ ಸೀಮೆ. ಗಂಗಾವತಿಯಿಂದ ತುಂಗಭದ್ರೆಯನ್ನು ದಾಟಿದರೆ ಹೊಸಪೇಟೆ, ಅದು ಮದ್ರಾಸು ಪ್ರಾಂತ. ಕೊಪ್ಪಳದ ಪಶ್ಚಿಮಕ್ಕೆ ಗದಗು, ಅದು ಮುಂಬಯಿ ಪ್ರಾಂತ. ಎರಡೆಡೆಯಲ್ಲಿಯೂ ನಡೆಯುತ್ತಿದ್ದುದು ಆಂಗ್ಲರ ಕಲದಾರ ರೂಪಾಯಿ. 'ಕಲ್' ಎಂದರೆ ಯಂತ್ರ. ಯಂತ್ರದಲ್ಲಿ ಅಚ್ಚಾದುದರಿಂದ ಆ ಹೆಸರು. ವಿನಿಮಯದ ದರವು ಏಳು ಹಾಲಿಗೆ ಆರು ಕಲದಾರ. ಹತ್ತಿಯನ್ನೋ ಎತ್ತನ್ನೋ ಮಾರಿ ೭೦ ಹಾಲಿಯನ್ನು ಗಂಟುಕಟ್ಟಿದ ಒಕ್ಕಲಿಗನ ಕೈಗೆ ಹೊಳೆಯಾಚೆ ೬೦ ಮಾತ್ರ ಬರುವುದು.

ಇದು ಮೋಸವೆ? ಲೆಕ್ಕ ಹಾಕೋಣ. ೧೮೩೫ರ ಕಾಯಿದೆಯಂತೆ ಕಲದಾರದ ತೂಕ ೧೮೦ ಗ್ರೇನು, ಅದರಲ್ಲಿ ೧೬೫ ಗ್ರೇನು ಶುದ್ಧ ಬೆಳ್ಳಿ. ಚಾರ್‌ಮಿನಾರ್ ರೂಪಾಯಿಯ ತೂಕ ಸುಮಾರು ೧೭೨ ಗ್ರೇನು. ಶುದ್ಧ ಬೆಳ್ಳಿ ಸುಮಾರು ೧೪೧ ಗ್ರೇನು. ಏಳು ಹಾಲಿಯ ಬೆಳ್ಳಿಯೂ ಆರು ಕಲದಾರದ ಬೆಳ್ಳಿಯೂ ಹೆಚ್ಚುಕಡಮೆ ಸಮವೇ! ದರ ನ್ಯಾಯವಾದುದೇ, ಅದನ್ನು ತಿಳಿಯದವನಿಗೆ ಮಾತ್ರ ಹೊಳೆಯ ನಡುವೆ ಹತ್ತು ರೂಪಾಯಿ ಮುಳುಗಿದಂತೆ ತೋರುವುದು.

ದೂರದ ತುರ್ಕರ ಒಟ್ಟೋಮನ್ ರಾಜ್ಯದಲ್ಲಿಯೂ ಮುದ್ರೆಯ ಮೇಲೆ ಮುದ್ರೆ ಬಿದ್ದಿತು. ೧೮೮೦ರ ಸುಮಾರಿಗೆ ಅಲ್ಲಿ ತಾಮ್ರದ ನಾಣ್ಯಗಳ ಚಲಾವಣೆ ನಿಂತು, ಚಿಲ್ಲರೆಗೆ ಬಡತನ ಬಂದಿತು. ಆಗ ಲೆಸ್ಬಾಸ್ ಮೊದಲಾದ ಎಡೆಗಳ ಗ್ರೀಕರು, ಬಿದ್ದುಹೋದ ಆ ತಾಮ್ರದ ಕಾಸುಗಳ ಮೇಲೆಯೇ ತಮ್ಮ ಊರಿನ ಅಥವಾ ಇಗರ್ಜಿಯ ಹೆಸರಿನ ಅಕ್ಷರಗಳನ್ನು ಒತ್ತಿ, ತಮ್ಮೊಳಗೆ ನಡೆಸಿಕೊಂಡರು. ನಮ್ಮ ಸರಾಫನ ಗುರುತು "ಬೆಳ್ಳಿ ಸರಿಯಾಗಿದೆ" ಎನ್ನುವುದು. ಆ ಗ್ರೀಕರ ಗುರುತು "ಇದನ್ನು ನಾವು ಸ್ವೀಕರಿಸುವೆವು" ಎನ್ನುವುದು. ಒಂದು ಲೋಹದ ಮೇಲಣ ನಂಬಿಕೆ, ಇನ್ನೊಂದು ನೆರೆಹೊರೆಯ ಮೇಲಣ ನಂಬಿಕೆ.

೧೯೪೮ರಲ್ಲಿ ಹೈದರಾಬಾದು ಭಾರತದೊಡನೆ ಸೇರಿತು. ೧೯೫೯ರ ಹೊತ್ತಿಗೆ ಹಾಲಿಯ ಕಾಲವೂ ಮುಗಿಯಿತು. ಉಳಿದಿರುವುದು ಪೆಟ್ಟಿಗೆಯೊಳಗಿನದು ಮಾತ್ರ. ಸೋದರಿಯರೇ, ಅದನ್ನು ಹುಣಿಸೆಹಣ್ಣು, ಬೂದಿಗಳಿಂದ ತಿಕ್ಕಬೇಡಿರಿ. ಹೊಳಪು ಬರುವುದು, ಗುರುತು ಹೋಗುವುದು. ಕಾಲುಂಗುರಕ್ಕೆಂದು ಕರಗಿಸಲೂ ಕೊಡಬೇಡಿರಿ. ನೆಲದಲ್ಲಿ ಹೂತ ನಿಧಿ ದೊರೆತರೆ ಕಾಯಿದೆಯಂತೆ ಜಿಲ್ಲಾಧಿಕಾರಿಗಳಿಗೆ ತಿಳಿಸತಕ್ಕದ್ದು. ಮನೆಯ ನಾಣ್ಯವಾದರೆ, ಯಾರಿಂದ ಯಾರಿಗೆ ಬಂದಿತೆಂಬುದನ್ನು ಹಿರಿಯರಿಂದ ಕೇಳಿ, ಚೀಟಿಯಲ್ಲಿ ಬರೆದು ಜೊತೆಗಿಡಿರಿ. ಅರಸನ ಮುದ್ರೆಯನ್ನೂ ಸರಾಫನ ಮುದ್ರೆಯನ್ನೂ ಹೊತ್ತ ಆ ಬೆಳ್ಳಿಗೆ ನಿಮ್ಮ ಮನೆತನದ ಮುದ್ರೆಯೂ ಸೇರಲಿ.