ಎರಡು ಸಂಪರ್ಕವಿದ್ದರೂ ಕೆಲಸ ಅರ್ಧಕ್ಕೆ ನಿಲ್ಲುವುದೇಕೆ?

ಬಂಟ್ವಾಳದ ಪಿನ್ ಕೋಡ್ 574211, ಬೆಳ್ತಂಗಡಿಯದು 574214, ಮೂಡಬಿದಿರೆಯದು 574227. ದಿಲ್ಲಿಯಲ್ಲಿ ಅಂಚೆ ವಿಂಗಡಿಸುವವರಿಗೆ ಈ ಊರುಗಳ ಪರಿಚಯವಿರಬೇಕಿಲ್ಲ. 574 ಎಂಬ ಮೊದಲ ಮೂರು ಅಂಕಿ ಕಂಡರೆ ಸಾಕು, ಪತ್ರ ಕರಾವಳಿಯತ್ತ ಹೊರಡುತ್ತದೆ.

ಅಂತರ್ಜಾಲದ ಐಪಿ ವಿಳಾಸವೂ ಇದೇ ತತ್ತ್ವವನ್ನು ಆಧರಿಸಿದೆ. ಒಂದು ಸೇವಾ ಕಂಪನಿಯ ಸಾವಿರಾರು ಗ್ರಾಹಕರ ವಿಳಾಸಗಳು ಒಂದೇ ಅಂಕಿಗಳಿಂದ ಆರಂಭವಾಗುವುದರಿಂದ, ಜಗತ್ತಿನ ರೂಟರ್‌ಗಳಿಗೆ ಅವೆಲ್ಲಕ್ಕೂ ಒಂದೇ ನಮೂದು ಸಾಕಾಗುತ್ತದೆ.

ತೊಡಕು ಇರುವುದು ಬೇರೆಡೆ. ಕಂಪ್ಯೂಟರ್ ಯಾವುದು ಮತ್ತು ಅದು ಎಲ್ಲಿದೆ ಎಂಬ ಎರಡನ್ನೂ ಈ ಒಂದೇ ವಿಳಾಸ ಸೂಚಿಸುತ್ತದೆ. ಬೆಳ್ತಂಗಡಿಯ ಸಹಕಾರಿ ಸಂಘವೊಂದು ಎರಡು ಕಂಪನಿಗಳ ಸಂಪರ್ಕ ಪಡೆದಿದೆ ಎಂದಿಟ್ಟುಕೊಳ್ಳಿ. ಮಳೆಗಾಲದಲ್ಲಿ ರಸ್ತೆಬದಿ ಕುಸಿದು ಒಂದು ಕೇಬಲ್ ತುಂಡಾದರೆ ಇನ್ನೊಂದು ನೆರವಿಗೆ ಬರುತ್ತದೆ. ಆದರೆ ವಿಳಾಸವೂ ಬದಲಾಗುತ್ತದೆ. ಅತ್ತಲಿನ ಸರ್ವರ್‌ಗೆ ಅದು ಅಪರಿಚಿತ. ನಡೆಯುತ್ತಿದ್ದ ವ್ಯವಹಾರ ಅರ್ಧಕ್ಕೆ ನಿಲ್ಲುತ್ತದೆ.

ಕಂಪನಿಗೆ ಸೇರದ ಸ್ವಂತ ವಿಳಾಸ ಪಡೆದು, ಎರಡೂ ಸಂಪರ್ಕಗಳ ಮೂಲಕ ಅದನ್ನು ಸಾರುವುದು ಒಂದು ಪರಿಹಾರ. ಇದು ಮನೆಯೊಂದಕ್ಕೆ ಪ್ರತ್ಯೇಕ ಪಿನ್ ಕೋಡ್ ಕೊಟ್ಟಂತೆ: ದೇಶದ ಪ್ರತಿ ವಿಂಗಡಣಾ ಕೇಂದ್ರವೂ ಅದನ್ನು ಬೇರೆಯಾಗಿ ಬರೆದಿಟ್ಟುಕೊಳ್ಳಬೇಕು. ಜಾಗತಿಕ ರೂಟಿಂಗ್ ಪಟ್ಟಿಯ ನಮೂದುಗಳು 2014ರ ಆಗಸ್ಟ್‌ನಲ್ಲಿ 5.12 ಲಕ್ಷ ದಾಟಿದಾಗ ಹಳೆಯ ರೂಟರ್‌ಗಳ ಸ್ಮೃತಿ ಸಾಲದೆ ಹಲವೆಡೆ ಸೇವೆ ಕುಸಿಯಿತು. ಈಗ ಅವು 9 ಲಕ್ಷಕ್ಕೂ ಅಧಿಕ.

ಈ ಅಪಾಯವನ್ನು 2006ರ ಅಕ್ಟೋಬರ್‌ನಲ್ಲಿ ಆಮ್‌ಸ್ಟರ್‌ಡ್ಯಾಮ್‌ನಲ್ಲಿ ಸೇರಿದ್ದ ಅಂತರ್ಜಾಲ ತಜ್ಞರು ಮೊದಲೇ ಚರ್ಚಿಸಿದ್ದರು. ಗುರುತನ್ನೂ ನೆಲೆಯನ್ನೂ ಬೇರ್ಪಡಿಸಬೇಕೆಂಬ ವಿಚಾರಕ್ಕೆ ಆ ಬಳಿಕ ಬಲ ಬಂತು. 2013ರಲ್ಲಿ ಪ್ರಯೋಗಾರ್ಥವಾಗಿ ಪ್ರಕಟವಾದ 'ಲಿಸ್ಪ್' ವಿಧಾನದಲ್ಲಿ ಕಂಪ್ಯೂಟರಿನ ಗುರುತು ಸ್ಥಿರ. ಅಂಚಿನ ರೂಟರ್ ಅದರ ಈಗಿನ ನೆಲೆಯನ್ನು ಒಂದು ಕೋಷ್ಟಕದಿಂದ ತಿಳಿದು, ಪತ್ರವನ್ನು ಇನ್ನೊಂದು ಲಕೋಟೆಯಲ್ಲಿಟ್ಟಂತೆ ಮಾಹಿತಿಯನ್ನು ಹೊಸ ವಿಳಾಸಕ್ಕೆ ಕಳುಹಿಸುತ್ತದೆ.

ಆದರೆ ಆ ಕೋಷ್ಟಕವನ್ನು ಯಾರು ಕಾಯಬೇಕು, ಹುಡುಕಾಟದ ವಿಳಂಬವನ್ನು ಯಾರು ಸಹಿಸಬೇಕು? ಈ ಕಾರಣಗಳಿಂದ ಲಿಸ್ಪ್ ಮುಖ್ಯವಾಗಿ ಸಂಸ್ಥೆಗಳ ಒಳಜಾಲಗಳಿಗೆ ಸೀಮಿತವಾಗಿದೆ. 2021ರಲ್ಲಿ ಮಾನಕವಾದ 'ಕ್ವಿಕ್' ಇದನ್ನೇ ಬೇರೆ ಬಗೆಯಲ್ಲಿ ಸಾಧಿಸುತ್ತದೆ: ಸಂಭಾಷಣೆಗೆ ತನ್ನದೇ ಸಂಖ್ಯೆಯಿರುವುದರಿಂದ ಮೊಬೈಲ್ ಫೋನ್ ವೈಫೈ ಬಿಟ್ಟು ಬೇರೆ ಜಾಲ ಹಿಡಿದರೂ ಮಾತು ಮುಂದುವರಿಯಬಲ್ಲದು.

ಎರಡನೆಯ ಸಂಪರ್ಕ ಕೊಳ್ಳುವವರು ಎರಡು ಪ್ರಶ್ನೆ ಕೇಳಲಿ: ಎರಡು ಕೇಬಲ್‌ಗಳೂ ಒಂದೇ ರಸ್ತೆಬದಿಯಲ್ಲಿ ಸಾಗುತ್ತವೆಯೇ? ದಾರಿ ಬದಲಾದಾಗ ನಡೆಯುತ್ತಿರುವ ಕೆಲಸ ಉಳಿಯುತ್ತದೆಯೇ?